‘ರಿವಾಯತ್’ ಎಂಬ ಮಾತಿನ ಮೂಲ: ಷಿಯಾ ಇಮಾಮರ ಒಡನಾಡಿಗಳೂ ಅವರ ಸಾಕ್ಷ್ಯವಿಧಾನವೂ

೧

ಚಿತ್ರದುರ್ಗದ ಸೀಮೆಯಲ್ಲಿ ಮೊಹರಮ್ಮನ್ನು ಬಾಬಯ್ಯನ ಹಬ್ಬವೆಂದು ಕರೆಯುವುದು ವಾಡಿಕೆ. ಉತ್ತರ ಕರ್ನಾಟಕದಲ್ಲಿ ಅದೇ ಅಲಾವಿ ಹಬ್ಬ. ಪಂಜಾಗಳನ್ನು ಕೂಡಿಸಿ, ಕುಣಿ ತೋಡಿ ಬೆಂಕಿ ಹಾಕಿ, ಹಸನ್ ಹುಸೇನರ ಕಥೆಯನ್ನು ಕನ್ನಡದಲ್ಲಿಯೇ ಹಾಡುತ್ತ ಹೆಜ್ಜೆಹಾಕುವ ಈ ಆಚರಣೆಯಲ್ಲಿ ಹಿಂದೂಗಳೂ ಮುಸಲ್ಮಾನರೂ ಒಂದುಗೂಡುತ್ತಾರೆಂಬುದು ಸರ್ವವಿದಿತವಾದ ಸಂಗತಿ. ಮುಸಲ್ಮಾನರ ಮನೆಯೊಂದೂ ಇಲ್ಲದ ಊರುಗಳಲ್ಲಿ ಸಹ ಹಬ್ಬ ನಡೆಯುವುದುಂಟು. ಆಗ ಹಾಡುವ ಪದಗಳಿಗೆ, ವಿಶೇಷವಾಗಿ ಉತ್ತರದ ಜಿಲ್ಲೆಗಳಲ್ಲಿ, ‘ರಿವಾಯತ್’ ಅಥವಾ ‘ರಿವಾಯತ ಪದ’ವೆಂದು ಹೆಸರು. ಹಾಡುವವರೂ ಕೇಳುವವರೂ ಈ ಹೆಸರನ್ನು ನಿತ್ಯದ ಮಾತಿನಂತೆ ಬಳಸುತ್ತಾರೆ. ಅದು ಎಲ್ಲಿಂದ ಬಂದಿತೆಂದು ವಿಚಾರಿಸುವವರು ವಿರಳ.

ಅರಬ್ಬಿ ಭಾಷೆಯಲ್ಲಿ ‘ರಿವಾಯ’ ಎಂದರೆ ಒಬ್ಬರಿಂದ ಕೇಳಿದುದನ್ನು ಮತ್ತೊಬ್ಬರಿಗೆ ಮುಟ್ಟಿಸುವುದು. ಹಾಗೆ ಮುಟ್ಟಿಸುವವನು ‘ರಾವಿ’. ಇಸ್ಲಾಮಿನ ಉದಯಕ್ಕೆ ಮುಂಚೆ ಕವಿಯ ಪದ್ಯಗಳನ್ನು ಕಂಠಸ್ಥ ಮಾಡಿ ಸಭೆಗಳಲ್ಲಿ ಹೇಳುತ್ತಿದ್ದವನಿಗೆ ಈ ಹೆಸರಿತ್ತು. ತರುವಾಯ ಪ್ರವಾದಿ ಮುಹಮ್ಮದರ ನಡೆನುಡಿಗಳನ್ನು ವರದಿ ಮಾಡುವವನಿಗೆ ಅದೇ ಹೆಸರು ಸಂದಿತು. ಷಿಯಾ ಪಂಥದವರಲ್ಲಿ ಇಮಾಮರ ನಡೆನುಡಿಗಳನ್ನು ವರದಿ ಮಾಡುವವನೂ ರಾವಿಯೇ. ಹೀಗೆ ನಮ್ಮ ಹಳ್ಳಿಯ ಹಾಡುಗಾರನು ತನ್ನ ಪದಕ್ಕೆ ಕೊಡುವ ಹೆಸರು, ಹನ್ನೆರಡು ಹದಿಮೂರು ಶತಮಾನಗಳ ಹಿಂದೆ ಇರಾಕಿನ ಕೂಫಾ ಪಟ್ಟಣದಲ್ಲಿ ಒಂದು ಕಠಿಣವಾದ ವಿದ್ಯೆಯ ಪರಿಭಾಷೆಯಾಗಿದ್ದಿತು.

ಆ ವಿದ್ಯೆಯನ್ನು ಬೆಳೆಸಿದ ಮೊದಲ ತಲೆಮಾರುಗಳವರು ಯಾರು, ಕೇಳಿದ ಮಾತನ್ನು ಅವರು ಹೇಗೆ ಕಾಪಾಡಿದರು, ಹೇಗೆ ಶಂಕಿಸಿದರು ಎಂಬುದನ್ನು ಸ್ಥೂಲವಾಗಿ ನಿರೂಪಿಸುವುದು ಈ ಲೇಖನದ ಉದ್ದೇಶ. ಅದರಿಂದ ಕರ್ನಾಟಕದ ಇತಿಹಾಸದ ವಿದ್ಯಾರ್ಥಿಗೆ ಲಭಿಸುವ ಪಾಠವೇನೆಂಬುದನ್ನು ಕೊನೆಯಲ್ಲಿ ವಿವೇಚಿಸಲಾಗುವುದು.

೨

ಹದೀಸಿಗೆ ಎರಡು ಅಂಗಗಳು. ಹೇಳಿದ ಮಾತು ಅಥವಾ ನಡೆದ ಸಂಗತಿ ‘ಮತನ್’. ಅದು ಯಾರಿಂದ ಯಾರಿಗೆ ಬಂದಿತೆಂಬ ಹೆಸರುಗಳ ಸರಪಳಿ ‘ಇಸ್ನಾದ್’. ನಮ್ಮ ಶಾಸನಗಳನ್ನು ಓದಿದವರಿಗೆ ಈ ಕಲ್ಪನೆ ತೀರ ಅಪರಿಚಿತವಲ್ಲ. ದಾನಶಾಸನದ ಕೊನೆಗೆ ಸಾಕ್ಷಿಗಳ ಹೆಸರನ್ನೂ ಬರೆದವನ ಹೆಸರನ್ನೂ ಕಂಡರಿಸುವ ಪದ್ಧತಿ ಕನ್ನಡ ನಾಡಿನಲ್ಲಿ ಬಹಳ ಹಳೆಯದು. ಆದರೆ ಶಾಸನದ ಸಾಕ್ಷಿಗಳು ಒಂದೇ ಕಾಲದವರು. ಇಸ್ನಾದಿನ ಸಾಕ್ಷಿಗಳು ತಲೆಮಾರಿನಿಂದ ತಲೆಮಾರಿಗೆ ಸಾಗುವವರು. ಶಿಲೆಯ ಬದಲು ಮನುಷ್ಯನ ನೆನಪೇ ಅಲ್ಲಿ ಆಧಾರ. ಆದುದರಿಂದ ಆ ಮನುಷ್ಯನು ಎಂಥವನೆಂಬ ಪ್ರಶ್ನೆ ಅನಿವಾರ್ಯವಾಗಿ ಹುಟ್ಟಿತು.

ಸುನ್ನಿಗಳ ದೃಷ್ಟಿಯಲ್ಲಿ ಸರಪಳಿಯು ಪ್ರವಾದಿಯವರ ಸಹಚರರ ಮೂಲಕ ಪ್ರವಾದಿಯವರನ್ನು ಮುಟ್ಟಬೇಕು. ಷಿಯಾಗಳ ದೃಷ್ಟಿಯಲ್ಲಿ ಪ್ರವಾದಿಯವರ ಅಳಿಯ ಅಲಿಯವರು ಮತ್ತು ಅವರ ವಂಶದ ಇಮಾಮರು ಧರ್ಮಜ್ಞಾನದ ಅಧಿಕೃತ ವಾರಸುದಾರರು. ಇಮಾಮರ ಮಾತನ್ನು ಮುಟ್ಟಿದರೂ ಸರಪಳಿ ಪೂರ್ಣವಾಯಿತು. ಇಮಾಮರಲ್ಲಿ ಹೆಚ್ಚಿನವರು ನೆಲೆಸಿದ್ದುದು ಅರೇಬಿಯದ ಮದೀನಾದಲ್ಲಿ. ಅವರ ಅನುಯಾಯಿಗಳಲ್ಲಿ ಬಹುಮಂದಿ ಇದ್ದುದು ಇರಾಕಿನ ಕೂಫಾದಲ್ಲಿ. ಕ್ರಿ.ಶ. ೬೩೮ರ ಸುಮಾರಿಗೆ ದಂಡಿನ ಪಾಳೆಯವಾಗಿ ಹುಟ್ಟಿದ ಈ ಪಟ್ಟಣವು ಅಲಿಯವರ ಆಳ್ವಿಕೆಯಲ್ಲಿ (೬೫೬-೬೬೧) ರಾಜಧಾನಿಯಾಗಿತ್ತು. ಗುರುಗಳು ಒಂದೆಡೆ, ಶಿಷ್ಯರು ಮರುಭೂಮಿಯಾಚೆಯ ಇನ್ನೊಂದೆಡೆ. ನಡುವೆ ವರ್ಷಕ್ಕೊಮ್ಮೆ ಹಜ್ ಯಾತ್ರೆಯ ದಾರಿ. ಷಿಯಾ ಹದೀಸಿನ ಮೊದಲ ಚರಿತ್ರೆಯೆಲ್ಲ ಈ ದೂರದಿಂದ ಹುಟ್ಟಿದುದು. ಇಮಾಮರ ಮಾತನ್ನು ಕೂಫಾಕ್ಕೆ ತಂದು ಹೇಳಿದವನನ್ನು ನಂಬಬಹುದೇ ಎಂಬುದು ಅಲ್ಲಿನ ಜನರಿಗೆ ಪ್ರತಿವರ್ಷದ ಪ್ರಶ್ನೆಯಾಗಿತ್ತು.

೩

ಕರ್ಬಲಾದ ದುರಂತವು ಸಂಭವಿಸಿದುದು ಹಿಜರಿ ೬೧ರ ಮೊಹರಂ ಹತ್ತರಂದು, ಎಂದರೆ ಕ್ರಿ.ಶ. ೬೮೦ರ ಅಕ್ಟೋಬರಿನಲ್ಲಿ. ಪ್ರವಾದಿಯವರ ಮೊಮ್ಮಗ ಹುಸೇನರೂ ಅವರ ಸಂಗಡಿಗರೂ ಉಮಯ್ಯದ್ ದೊರೆ ಯಜೀದನ ಸೇನೆಯಿಂದ ಹತರಾದರು. ಈ ಘಟನೆಯ ಅತ್ಯಂತ ಪ್ರಾಚೀನವಾದ ವಿಸ್ತೃತ ವರದಿಗಳನ್ನು ಸಂಗ್ರಹಿಸಿದವನು ಕೂಫಾದ ಅಬೂ ಮಿಖ್ನಫ್. ಇವನು ತೀರಿಕೊಂಡುದು ಕ್ರಿ.ಶ. ೭೭೪ರಲ್ಲಿ. ಇವನ ಮುತ್ತಜ್ಜ ಮಿಖ್ನಫ್ ಇಬ್ನ್ ಸುಲೈಮನು ಅಲಿಯವರ ಪಕ್ಷದಲ್ಲಿ ಕಾದಿದವನು. ಅಬೂ ಮಿಖ್ನಫನ ಮೂಲಗ್ರಂಥ ಈಗ ಉಪಲಬ್ಧವಿಲ್ಲ. ಅವನ ಶಿಷ್ಯ ಹಿಶಾಮ್ ಅಲ್-ಕಲ್ಬಿಯ ಮೂಲಕ ಬಂದ ಅದರ ಬಹುಭಾಗವನ್ನು ೯೨೩ರಲ್ಲಿ ಕಾಲವಾದ ಮಹಾ ಇತಿಹಾಸಕಾರ ತಬರಿಯು ತನ್ನ ಗ್ರಂಥದಲ್ಲಿ ಉಳಿಸಿದ್ದಾನೆ.

ಅಬೂ ಮಿಖ್ನಫನು ಸಾಕ್ಷಿಗಳನ್ನು ಆರಿಸಿದ ಬಗೆ ಗಮನಾರ್ಹವಾದುದು. ಅವನ ವರದಿಗಳಲ್ಲಿ ಮತ್ತೆ ಮತ್ತೆ ಬರುವ ಹುಮೈದ್ ಇಬ್ನ್ ಮುಸ್ಲಿಮ್ ಎಂಬವನು ಹುಸೇನರ ಕಡೆಯವನಲ್ಲ, ಶತ್ರುಸೇನೆಯಲ್ಲಿದ್ದವನು. ಇನ್ನೊಬ್ಬ ಸಾಕ್ಷಿ ಉಕ್ಬಾ ಇಬ್ನ್ ಸಿಮ್‌ಆನನು ಹುಸೇನರ ಪತ್ನಿ ರಬಾಬರ ಸೇವಕ. ತಾನು ದಾಸನೆಂದು ಹೇಳಿಕೊಂಡುದರಿಂದ ಪ್ರಾಣಸಹಿತ ಉಳಿದವನು. ಹುಸೇನರು ಕಡೆಯ ಮಾತುಕತೆಯಲ್ಲಿ ಯಜೀದನ ಕೈಗೆ ತಮ್ಮ ಕೈಯನ್ನು ಒಪ್ಪಿಸಲು ಸಿದ್ಧರಿದ್ದರೆಂಬ ಒಂದು ವರದಿ ಆ ಕಾಲದಲ್ಲಿ ಹಬ್ಬಿತ್ತು. ಉಕ್ಬಾ ಇದನ್ನು ಸ್ಪಷ್ಟವಾಗಿ ಅಲ್ಲಗಳೆಯುತ್ತಾನೆ. ಮದೀನಾದಿಂದ ಮಕ್ಕಾಕ್ಕೆ, ಮಕ್ಕಾದಿಂದ ಇರಾಕಿಗೆ, ಕೊನೆಯ ಗಳಿಗೆಯವರೆಗೆ ತಾನು ಜೊತೆಯಲ್ಲಿಯೇ ಇದ್ದುದಾಗಿಯೂ ಅಂಥ ಮಾತನ್ನು ತಾನು ಕೇಳಲಿಲ್ಲವೆಂದೂ ಅವನ ಹೇಳಿಕೆ. ತಬರಿಯಲ್ಲಿ ಎರಡು ವರದಿಗಳೂ ಅವುಗಳ ಹೇಳಿಕೆದಾರರ ಹೆಸರಿನೊಡನೆ ಉಳಿದಿವೆ. ಒಂದನ್ನು ಅಳಿಸಿ ಇನ್ನೊಂದನ್ನು ಇಡುವ ಸುಲಭ ಮಾರ್ಗವನ್ನು ಸಂಗ್ರಾಹಕರು ಹಿಡಿಯಲಿಲ್ಲ. ಒಬ್ಬ ಸೇವಕನ ಹೆಸರು ಉಳಿದುದರಿಂದಲೇ ಇಂದಿನ ಓದುಗನು ಈ ಎರಡನ್ನೂ ತೂಗಿನೋಡಬಲ್ಲನು.

೪

ಕರ್ಬಲಾದ ಅನಂತರ ಇಮಾಮರು ರಾಜಕೀಯದಿಂದ ಬಹುಮಟ್ಟಿಗೆ ದೂರ ಸರಿದರು. ಐದನೆಯ ಇಮಾಮರಾದ ಮುಹಮ್ಮದ್ ಬಾಕಿರರ (ಮರಣ ಸು. ೭೩೩) ಮತ್ತು ಆರನೆಯವರಾದ ಜಾಫರ್ ಸಾದಿಕರ (ಮರಣ ೭೬೫) ಕಾಲದಲ್ಲಿ ಅವರ ಮನೆಯು ವಿದ್ಯಾಕೇಂದ್ರವಾಯಿತು. ಇವರಿಬ್ಬರ ಒಡನಾಡಿಗಳೇ ಷಿಯಾ ಹದೀಸಿನ ನಿಜವಾದ ಸ್ಥಾಪಕರು. ಇವರಲ್ಲಿ ದೊಡ್ಡ ಅಧಿಕಾರಿಗಳು ವಿರಳ. ವ್ಯಾಪಾರಿಗಳು, ಕುಶಲಕರ್ಮಿಗಳು, ಬಿಡುಗಡೆ ಹೊಂದಿದ ದಾಸರ ಮಕ್ಕಳು ಇವರಲ್ಲಿ ಬಹುಮಂದಿ. ಕಸುಬೇ ಹೆಸರಿನ ಜೊತೆಗೆ ಅಂಟಿಕೊಂಡಿರುವುದರಿಂದ ಇದು ತಿಳಿದುಬರುತ್ತದೆ. ಇವರಿಗೂ ಹಿಂದಿನವನಾದ, ಅಲಿಯವರ ಭಕ್ತ ಮೀಸಮ್ ತಮ್ಮಾರನು ಖರ್ಜೂರ ಮಾರುವವನು. ಅವನು ಕೂಫಾದಲ್ಲಿ ಕರ್ಬಲಾ ಘಟನೆಗೆ ಸ್ವಲ್ಪ ಮೊದಲು ಕೊಲ್ಲಲ್ಪಟ್ಟನು.

ಜುರಾರಾ ಇಬ್ನ್ ಆಯನನ (ಮರಣ ಸು. ೭೬೭) ತಂದೆ ರೂಮೀ ಮೂಲದ ದಾಸ, ಷೈಬಾನ್ ಕುಲದವರ ಅಧೀನದಲ್ಲಿದ್ದು ಬಿಡುಗಡೆ ಹೊಂದಿದವನು. ಅಜ್ಜ ಸುನ್ಸುನನು ಬೈಜಾಂಟೀನ್ ರಾಜ್ಯದಲ್ಲಿ ಕ್ರೈಸ್ತ ಸನ್ಯಾಸಿಯಾಗಿದ್ದನೆಂದು ಹೇಳಲಾಗುತ್ತದೆ. ಈ ಮನೆತನದಲ್ಲಿ ಜುರಾರಾ, ಹುಮ್ರಾನ್, ಬುಕೈರ್, ಅಬ್ದುಲ್ ಮಲಿಕ್ ಎಂಬ ಸೋದರರೂ ಅವರ ಮಕ್ಕಳೂ ರಾವಿಗಳಾದರು. ಎರಡು ಶತಮಾನಗಳ ಮೇಲೆ ಇದೇ ವಂಶದ ಅಬೂ ಗಾಲಿಬ್ ಜುರಾರಿ (ಮರಣ ೯೭೮) ತನ್ನ ಮೊಮ್ಮಗನಿಗೆ ಬರೆದ ಪತ್ರರೂಪದ ಕೃತಿಯಲ್ಲಿ ಮನೆತನದ ಚರಿತ್ರೆಯನ್ನೂ ತನ್ನಲ್ಲಿದ್ದ ಗ್ರಂಥಗಳ ಪಟ್ಟಿಯನ್ನೂ ಕೊಟ್ಟಿದ್ದಾನೆ.

ಮುಹಮ್ಮದ್ ಇಬ್ನ್ ಮುಸ್ಲಿಮ್ (ಮರಣ ೭೬೭) ಕೂಫಾದ ಸ್ಥಿತಿವಂತ. ಬಾಕಿರರು ವಿನಯವನ್ನು ಬೋಧಿಸಿದಾಗ ಇವನು ಖರ್ಜೂರದ ಬುಟ್ಟಿಯನ್ನೂ ತಕ್ಕಡಿಯನ್ನೂ ಹಿಡಿದು ಮಸೀದಿಯ ಬಾಗಿಲಲ್ಲಿ ಮಾರಲು ಕುಳಿತನಂತೆ. ಕುಲದವರು ಇದರಿಂದ ತಮಗೆ ಅವಮಾನವೆಂದು ಆಕ್ಷೇಪಿಸಿದರು. ಕೊಂಡು ಮಾರುವ ವ್ಯವಹಾರವನ್ನು ಬಿಡಲಾರೆನೆಂದು ಇವನು ಹಟಹಿಡಿಯಲು, ಹಿಟ್ಟು ಬೀಸುವವರ ನಡುವೆಯಾದರೂ ಕುಳಿತುಕೊಳ್ಳೆಂದು ಅವರು ಒತ್ತಾಯಿಸಿದರು. ಹೀಗೆ ಬೀಸುಗಲ್ಲನ್ನಿಟ್ಟುಕೊಂಡ ಇವನಿಗೆ ‘ತಹ್ಹಾನ್’, ಎಂದರೆ ಹಿಟ್ಟು ಬೀಸುವವನು, ಎಂಬ ಹೆಸರು ನಿಂತಿತು. ಬಾಕಿರರಿಂದ ಮೂವತ್ತು ಸಾವಿರ, ಸಾದಿಕರಿಂದ ಹದಿನಾರು ಸಾವಿರ ವಿಷಯಗಳನ್ನು ಇವನು ಕೇಳಿ ತಿಳಿದನೆಂದು ಸಂಪ್ರದಾಯ ಹೇಳುತ್ತದೆ. ಈ ಸಂಖ್ಯೆಗಳನ್ನು ಲೆಕ್ಕದ ಪುಸ್ತಕದಂತೆ ಓದಬೇಕಾಗಿಲ್ಲ. ಪ್ರಶ್ನೆ ಕೇಳುವುದೇ ಇವನ ಬಾಳಿನ ಉದ್ಯೋಗವಾಗಿತ್ತೆಂಬುದು ಅವುಗಳ ಇಂಗಿತ.

ಸಫ್ವಾನ್ ಜಮ್ಮಾಲನು ಒಂಟೆಗಳನ್ನು ಬಾಡಿಗೆಗೆ ಕೊಡುವವನು. ಅಬ್ಬಾಸಿ ಖಲೀಫ ಹಾರೂನನಿಗೆ ಹಜ್ ಯಾತ್ರೆಗೆಂದು ಇವನು ಒಂಟೆಗಳನ್ನು ಕೊಟ್ಟನು. ಏಳನೆಯ ಇಮಾಮ್ ಮೂಸಾ ಕಾಜಿಮರು ಇದನ್ನು ಮೆಚ್ಚಲಿಲ್ಲ. ಬಾಡಿಗೆ ಕೈಸೇರುವ ತನಕವಾದರೂ ಆ ದೊರೆ ಬದುಕಿರಲೆಂದು ನೀನು ಬಯಸುವೆಯಲ್ಲವೇ ಎಂಬುದು ಅವರ ಪ್ರಶ್ನೆಯ ತಾತ್ಪರ್ಯ. ಸಫ್ವಾನನು ಒಂಟೆಗಳನ್ನೆಲ್ಲ ಮಾರಿಬಿಟ್ಟನು. ರಾವಿಯ ಮಾತಿಗೆ ಬೆಲೆ ಬರಬೇಕಾದರೆ ಅವನ ನಡತೆಗೆ ಬೆಲೆ ಇರಬೇಕೆಂಬ ಭಾವನೆ ಈ ಕಥೆಯ ಹಿಂದಿದೆ.

೫

ಈ ಒಡನಾಡಿಗಳು ಕೇಳಿದುದನ್ನು ನೆನಪಿನಲ್ಲಿಟ್ಟುಕೊಂಡುದಲ್ಲದೆ ಬರೆದಿಟ್ಟುಕೊಂಡರು. ಇಮಾಮರಿಂದ ನೇರವಾಗಿ, ಇಲ್ಲವೆ ನೇರವಾಗಿ ಕೇಳಿದವರಿಂದ, ಬರೆದುಕೊಂಡ ಇಂಥ ಟಿಪ್ಪಣಿಗ್ರಂಥಗಳಿಗೆ ‘ಉಸೂಲ್’, ಎಂದರೆ ಮೂಲಗಳು, ಎಂದು ಹೆಸರು. ಅವು ನಾನೂರು ಇದ್ದುವೆಂದು ಪರಂಪರೆಯ ಎಣಿಕೆ. ಇಂದು ಅವುಗಳಲ್ಲಿ ಹದಿನಾರರಷ್ಟು ಮಾತ್ರ ಬಿಡಿ ಗ್ರಂಥಗಳಾಗಿ ಉಳಿದು ಅಚ್ಚಾಗಿವೆ. ಉಳಿದವುಗಳ ಸಾರವು ಮುಂದಿನ ಮಹಾಸಂಗ್ರಹಗಳಲ್ಲಿ ಸೇರಿಹೋಯಿತು. ಅವುಗಳಲ್ಲಿ ಮೊದಲನೆಯದು ೯೪೧ರಲ್ಲಿ ತೀರಿಕೊಂಡ ಕುಲೈನಿಯ ‘ಅಲ್-ಕಾಫಿ’. ಅದರಲ್ಲಿ ಹದಿನಾರು ಸಾವಿರಕ್ಕೂ ಮೇಲ್ಪಟ್ಟು ಹದೀಸುಗಳಿವೆ.

ಬರೆಹವು ನೆನಪಿಗಿಂತ ಸುರಕ್ಷಿತವೆಂದು ನಾವು ಸಾಮಾನ್ಯವಾಗಿ ನಂಬುತ್ತೇವೆ. ಕೂಫಾದ ಅನುಭವ ಈ ನಂಬಿಕೆಗೆ ಎಚ್ಚರಿಕೆ ಹೇಳುತ್ತದೆ. ೭೩೭ರಲ್ಲಿ ಮರಣದಂಡನೆಗೆ ಗುರಿಯಾದ ಮುಗೀರಾ ಇಬ್ನ್ ಸಈದನೆಂಬ ಅತಿರೇಕವಾದಿಯು ಬಾಕಿರರ ಒಡನಾಡಿಗಳ ಪುಸ್ತಕಗಳನ್ನು ಎರವಲು ತರಿಸಿ ಅವುಗಳಲ್ಲಿ ತನ್ನ ಮಾತುಗಳನ್ನು ತುರುಕಿಸುತ್ತಿದ್ದನೆಂದು ಸ್ವತಃ ಜಾಫರ್ ಸಾದಿಕರು ದೂರಿದರೆಂಬ ವರದಿಯಿದೆ. ಇದನ್ನು ಹೇಳಿದವನು ತರ್ಕಕುಶಲನೂ ಬಟ್ಟೆಯ ವ್ಯಾಪಾರಿಯೂ ಆದ ಹಿಶಾಮ್ ಇಬ್ನ್ ಹಕಮ್. ಅದನ್ನು ಅವನಿಂದ ಕೇಳಿದ ಯೂನುಸ್ ಇಬ್ನ್ ಅಬ್ದುರ್ರಹ್ಮಾನ್ (ಮರಣ ೮೨೩) ಇರಾಕಿನಲ್ಲಿ ಒಡನಾಡಿಗಳ ಪುಸ್ತಕಗಳನ್ನು ಸಂಗ್ರಹಿಸಿ ಎಂಟನೆಯ ಇಮಾಮ್ ಅಲಿ ರಿಜಾರ ಮುಂದಿಟ್ಟನು. ಅವರು ಅನೇಕ ಹದೀಸುಗಳನ್ನು ಒಪ್ಪಲಿಲ್ಲ. ತನ್ನ ಪಂಥದ ಗ್ರಂಥಗಳಲ್ಲಿಯೇ ಕಲಬೆರಕೆಯಾಗಿದೆಯೆಂದು ಒಪ್ಪಿಕೊಂಡು, ಆ ಮಾತನ್ನು ಮರೆಮಾಚದೆ ಮುಂದಿನವರಿಗೆ ದಾಟಿಸಿದುದು ಈ ಪರಂಪರೆಯ ಹಿರಿಮೆಯೆಂದೇ ಭಾವಿಸಬೇಕು.

ಇಬ್ನ್ ಅಬೀ ಉಮೈರನ (ಮರಣ ೮೩೨) ವೃತ್ತಾಂತ ಇನ್ನೂ ಮನಮುಟ್ಟುವಂಥದು. ಷಿಯಾಗಳ ಹೆಸರುಗಳನ್ನು ತಿಳಿಸೆಂದು ಅಧಿಕಾರಿಗಳು ಪೀಡಿಸಿದರೂ ಬಾಯಿಬಿಡದೆ ಇವನು ಸೆರೆಯಲ್ಲಿದ್ದನೆಂದು ಚರಿತ್ರೆ. ಸೆರೆಯ ಅವಧಿ ನಾಲ್ಕು ವರ್ಷವೆನ್ನುತ್ತಾರೆ. ಆ ಕಾಲದಲ್ಲಿ ಅವನ ಸೋದರಿಯು ಭಯದಿಂದ ಅವನ ಪುಸ್ತಕಗಳನ್ನು ನೆಲದಲ್ಲಿ ಹೂಳಿದಳು, ಅವು ಹಾಳಾದುವು ಎಂದು ಒಂದು ವರದಿ. ಕೋಣೆಯಲ್ಲಿಟ್ಟ ಪುಸ್ತಕಗಳ ಮೇಲೆ ಮಳೆ ಸುರಿದು ಅವು ನಾಶವಾದುವು ಎಂದು ಇನ್ನೊಂದು. ಬಿಡುಗಡೆಯಾಗಿ ಬಂದವನು ನೆನಪಿನಿಂದಲೂ, ಮೊದಲೇ ಇತರರಿಗೆ ಹೇಳಿದ್ದ ಪ್ರತಿಗಳಿಂದಲೂ ಹದೀಸುಗಳನ್ನು ಹೇಳತೊಡಗಿದನು. ಮಾತು ನೆನಪಿದ್ದರೂ ಅದನ್ನು ಯಾರಿಂದ ಕೇಳಿದೆನೆಂಬ ಹೆಸರು ಎಷ್ಟೋ ಕಡೆ ಮರೆತುಹೋಗಿತ್ತು. ಆ ಸ್ಥಳಗಳಲ್ಲಿ ಅವನು ಹೆಸರನ್ನು ಕಲ್ಪಿಸಲಿಲ್ಲ, ಖಾಲಿ ಬಿಟ್ಟನು. ಇಂಥ ಕಡಿದ ಸರಪಳಿಗೆ ‘ಮುರ್ಸಲ್’ ಎಂದು ಹೆಸರು. ಸಾಮಾನ್ಯವಾಗಿ ಅದು ದುರ್ಬಲ ಪ್ರಮಾಣ. ಆದರೆ ಇವನ ಮುರ್ಸಲುಗಳನ್ನು ಷಿಯಾ ವಿದ್ವಾಂಸರಲ್ಲಿ ಬಹುಮಂದಿ ಗೌರವದಿಂದ ಸ್ವೀಕರಿಸಿದ್ದಾರೆ.

೬

ರಾವಿಗಳನ್ನು ಪರೀಕ್ಷಿಸುವ ಶಾಸ್ತ್ರಕ್ಕೆ ‘ರಿಜಾಲ್’, ಎಂದರೆ ಪುರುಷರು, ಎಂದು ಹೆಸರು. ಹತ್ತನೆಯ ಶತಮಾನದ ಕಶ್ಶಿಯ ಕೃತಿ ಈಗ ತೂಸಿಯು (ಮರಣ ೧೦೬೭) ಮಾಡಿದ ಸಂಗ್ರಹರೂಪದಲ್ಲಿ ದೊರೆಯುತ್ತದೆ. ತೂಸಿಯ ಸಮಕಾಲೀನ ನಜಾಶಿಯು ಗ್ರಂಥಕರ್ತರ ವರ್ಣನಾತ್ಮಕ ಸೂಚಿಯನ್ನು ರಚಿಸಿದನು. ನಿಮ್ಮ ಪಂಥಕ್ಕೆ ಪೂರ್ವಿಕರೂ ಇಲ್ಲ, ಗ್ರಂಥಗಳೂ ಇಲ್ಲವೆಂದು ವಿರೋಧಿಗಳು ಹಂಗಿಸುತ್ತಿದ್ದುದೇ ತನ್ನ ಕೃತಿಗೆ ಕಾರಣವೆಂದು ಅವನು ಪೀಠಿಕೆಯಲ್ಲಿ ಸೂಚಿಸುತ್ತಾನೆ. ಹೀಗೆ ಅಭಿಮಾನದಿಂದ ಹುಟ್ಟಿದ ಗ್ರಂಥವಾದರೂ ಅದರಲ್ಲಿ ತನ್ನವರಲ್ಲಿಯೇ ದುರ್ಬಲರೆನಿಸಿದವರನ್ನು ದುರ್ಬಲರೆಂದೇ ಬರೆದಿದೆ.

ಕಶ್ಶಿಯ ಗ್ರಂಥದಲ್ಲಿ ಜುರಾರಾನ ಪ್ರಕರಣವು ವಿಶೇಷವಾಗಿ ಪರಿಶೀಲನಾರ್ಹ. ಇಮಾಮರು ಅವನನ್ನು ಮುಕ್ತಕಂಠದಿಂದ ಹೊಗಳಿದ ವರದಿಗಳ ಪಕ್ಕದಲ್ಲಿಯೇ ಅವನನ್ನು ಖಂಡಿಸಿದ, ಶಪಿಸಿದ ವರದಿಗಳೂ ಇವೆ. ಈ ವಿರೋಧಕ್ಕೆ ಒಂದು ಪರಿಹಾರವನ್ನೂ ಕಶ್ಶಿ ಉದಾಹರಿಸುತ್ತಾನೆ. ಸಾದಿಕರು ಜುರಾರಾನ ಮಗನ ಮೂಲಕ ಹೇಳಿಕಳುಹಿಸಿದ ಸಂದೇಶವದು: ತಮಗೆ ಆಪ್ತರಾದವರಿಗೆ ಆಳುವವರ ಕಾಟ ತಪ್ಪದಾದುದರಿಂದ, ಅವನನ್ನು ಉಳಿಸುವುದಕ್ಕಾಗಿಯೇ ಬಹಿರಂಗವಾಗಿ ನಿಂದಿಸಿದೆವು. ಕುರ್‌ಆನಿನ ಕಥೆಯಲ್ಲಿ ಒಳ್ಳೆಯ ದೋಣಿಗಳನ್ನು ಕಸಿದುಕೊಳ್ಳುವ ಅರಸನಿಂದ ಬಡವರ ದೋಣಿಯನ್ನು ರಕ್ಷಿಸಲು ಅದಕ್ಕೆ ಊನಮಾಡಿದುದನ್ನು ಅವರು ಇಲ್ಲಿ ಹೋಲಿಕೆಯಾಗಿ ಕೊಟ್ಟರೆಂದು ವರದಿ. ಈ ಸಮಾಧಾನವನ್ನು ಒಪ್ಪುವುದೂ ಬಿಡುವುದೂ ಓದುಗನಿಗೆ ಸೇರಿದ್ದು. ಪಂಥದ ಅತ್ಯಂತ ಮಾನ್ಯನಾದ ರಾವಿಯ ಮೇಲಿನ ನಿಂದೆಯನ್ನೂ ಅಳಿಸದೆ ಉಳಿಸಿದರೆಂಬುದು ಇತಿಹಾಸಕಾರನಿಗೆ ಮುಖ್ಯ.

ಹೆಸರು ಒಂದೇ ಆಗಿ ವ್ಯಕ್ತಿಗಳು ಬೇರೆಯಾದಾಗ ತೊಡಕು ಹೆಚ್ಚುತ್ತದೆ. ಅಬೂ ಬಸೀರ್ ಎಂಬ ಹೆಸರಿನಿಂದ ಇಬ್ಬರು ಪ್ರಸಿದ್ಧರು: ಒಬ್ಬನು ಮುರಾದ್ ಕುಲದ ಲೈಸ್, ಇನ್ನೊಬ್ಬನು ಅಸದ್ ಕುಲದ ಅಂಧನಾದ ಯಹ್ಯಾ. ಸರ್ವಸಮ್ಮತರಾದ ಹದಿನೆಂಟು ರಾವಿಗಳನ್ನು ಕಶ್ಶಿಯು ಆರಾರರ ಮೂರು ಗುಂಪುಗಳಾಗಿ ಹೇಳುವಲ್ಲಿ, ಮೊದಲ ಗುಂಪಿನ ಅಬೂ ಬಸೀರನು ಅಸದಿಯೆಂದು ಬರೆದು, ಕೆಲವರು ಮುರಾದಿಯೆನ್ನುತ್ತಾರೆಂದೂ ಸೇರಿಸುತ್ತಾನೆ. ಯಾವ ಹದೀಸು ಯಾವ ಅಬೂ ಬಸೀರನದೆಂಬ ಚರ್ಚೆ ಇಂದಿಗೂ ಮುಗಿದಿಲ್ಲ.

ಈ ಸತ್ಯನಿಷ್ಠೆ ಒಂದೇ ಪಂಥಕ್ಕೆ ಸೀಮಿತವಾಗಿರಲಿಲ್ಲವೆಂಬುದಕ್ಕೆ ಅಬಾನ್ ಇಬ್ನ್ ತಗ್ಲಿಬನು (ಮರಣ ೭೫೮) ನಿದರ್ಶನ. ಕುರ್‌ಆನ್ ಪಾಠದಲ್ಲಿ ನಿಷ್ಣಾತನಾದ ಈ ಷಿಯಾ ವಿದ್ವಾಂಸನಿಗೆ ಮದೀನಾದ ಮಸೀದಿಯಲ್ಲಿ ಕುಳಿತು ಧರ್ಮನಿರ್ಣಯ ಕೊಡಲು ಬಾಕಿರರೇ ಹೇಳಿದರೆಂದು ಪ್ರತೀತಿ. ಸುನ್ನಿಗಳ ಪರಮ ಪ್ರಮಾಣಗಳಲ್ಲೊಂದಾದ ಮುಸ್ಲಿಮನ ‘ಸಹೀಹ್’ ಗ್ರಂಥದಲ್ಲಿ ಇವನ ವರದಿ ಇದೆ. ಹದಿನಾಲ್ಕನೆಯ ಶತಮಾನದ ಸುನ್ನಿ ವಿಮರ್ಶಕ ಜಹಬಿಯು ಇವನ ಮತವನ್ನು ಒಪ್ಪದಿದ್ದರೂ ಇವನ ಸತ್ಯವಾದಿತ್ವವನ್ನು ಒಪ್ಪುತ್ತಾನೆ. ಇಂಥವರನ್ನು ತಳ್ಳಿಹಾಕಿದರೆ ಹದೀಸುಗಳಲ್ಲಿ ಬಹುಪಾಲನ್ನು ಕಳೆದುಕೊಳ್ಳಬೇಕಾದೀತೆಂದು ಅವನ ಅಭಿಪ್ರಾಯ.

ಹಾಗೆಂದು ಈ ಸರಪಳಿಗಳೆಲ್ಲವನ್ನೂ ಇದ್ದಂತೆ ನಂಬಬೇಕೆಂದು ಅರ್ಥವಲ್ಲ. ಗೋಲ್ಡ್‌ಜಿಹರರು ೧೮೯೦ರಲ್ಲಿ, ಷಾಖ್ಟರು ೧೯೫೦ರಲ್ಲಿ ಪ್ರಕಟಿಸಿದ ಗ್ರಂಥಗಳಲ್ಲಿ, ಅನೇಕ ಹದೀಸುಗಳು ಮುಂದಿನ ಕಾಲದ ವಾದವಿವಾದಗಳ ಪ್ರತಿಬಿಂಬವೆಂದೂ, ಸರಪಳಿಗಳು ಹಿಂದುಹಿಂದಕ್ಕೆ ಬೆಳೆದುವೆಂದೂ ವಾದಿಸಿದರು. ಈ ಸಂಶಯವಾದವನ್ನು ಅನಂತರದವರು ಬಹಳ ಮಟ್ಟಿಗೆ ತಿದ್ದಿದ್ದಾರೆ. ಹುಸೇನ್ ಮುದರ್ರಿಸಿಯವರು ೨೦೦೩ರಲ್ಲಿ ಪ್ರಕಟಿಸಿದ ಕೃತಿಯಲ್ಲಿ ಮೊದಲ ಮೂರು ಹಿಜರಿ ಶತಮಾನಗಳ ಷಿಯಾ ಟಿಪ್ಪಣಿಗ್ರಂಥಗಳನ್ನು, ಮುಂದಿನ ಸಂಗ್ರಹಗಳಲ್ಲಿ ಚದರಿದ ಉದ್ಧರಣೆಗಳಿಂದ ಒಬ್ಬೊಬ್ಬ ರಾವಿಯ ಹೆಸರಿನಡಿಯಲ್ಲಿ ಗುರುತಿಸಿಕೊಟ್ಟಿದ್ದಾರೆ. ಸಂಶಯಪಡುವವರಿಗೂ ಪುನಾರಚಿಸುವವರಿಗೂ ಉಪಕರಣ ಒಂದೇ: ಉಳಿದುಬಂದ ಹೆಸರುಗಳು.

೭

ಈ ಪರಂಪರೆಗೂ ಕನ್ನಡ ನಾಡಿಗೂ ಸಂಬಂಧ ಒದಗಿದುದು ಬಿಜಾಪುರದ ಮೂಲಕ. ಯೂಸುಫ್ ಆದಿಲ್ ಖಾನನು ೧೫೦೩ರ ಸುಮಾರಿಗೆ ಷಿಯಾ ಪದ್ಧತಿಯ ಖುತ್ಬಾವನ್ನು ಓದಿಸಿದನು. ಮೊದಲನೆಯ ಇಬ್ರಾಹಿಮನು (೧೫೩೪-೧೫೫೮) ಅದನ್ನು ನಿಲ್ಲಿಸಿ ಸುನ್ನಿ ಪದ್ಧತಿಯನ್ನು ತಂದನು. ಮೊದಲನೆಯ ಅಲಿ ಆದಿಲ್ ಷಹನು (೧೫೫೮-೧೫೮೦) ಷಿಯಾ ಪದ್ಧತಿಯನ್ನು ಪುನಃ ಸ್ಥಾಪಿಸಿದನು. ಎರಡನೆಯ ಇಬ್ರಾಹಿಮನ ಆಸ್ಥಾನದಲ್ಲಿದ್ದ ಫೆರಿಷ್ತನ ಇತಿಹಾಸವು ಈ ಸಂಗತಿಗಳಿಗೆ ಪ್ರಮುಖ ಆಧಾರ. ಯೂಸುಫನು ಆಟೋಮನ್ ರಾಜಪುತ್ರನೆಂಬ ಕಥೆಯನ್ನೂ ಅವನು ಕೇಳಿಬಂದ ಮೂಲಗಳನ್ನು ಸೂಚಿಸಿ ಬರೆದಿದ್ದಾನೆ. ಆಧುನಿಕ ಇತಿಹಾಸಕಾರರಲ್ಲಿ ಅನೇಕರು ಅದನ್ನು ಸಂಶಯಿಸುತ್ತಾರೆ. ಹದಿನೇಳನೆಯ ಶತಮಾನದ ಮಧ್ಯಭಾಗದ ವೇಳೆಗೆ ಬಿಜಾಪುರದ ಅಧಿಕಾರವು ಬಸವಾಪಟ್ಟಣ, ಶಿರಾಗಳವರೆಗೆ ಹಬ್ಬಿತ್ತು. ಹೊಳಲ್ಕೆರೆ, ಚಿಕ್ಕಜಾಜೂರುಗಳ ಸೀಮೆ ಈ ಎರಡು ಠಾಣ್ಯಗಳ ನಡುವಿನದು. ಮೊಹರಮ್ಮಿನ ಆಚರಣೆ ದಕ್ಷಿಣಕ್ಕೆ ಹರಿದ ದಾರಿಗಳಲ್ಲಿ ಇದೂ ಒಂದಿರಬಹುದೆಂದು ಊಹಿಸಬಹುದು.

ಆದರೆ ನಮ್ಮ ರಿವಾಯತ್ ಪದವು ಕೂಫಾದ ರಿವಾಯತಿನ ನೇರ ಸಂತತಿಯಲ್ಲ. ನಡುವೆ ಪಾರಸಿ ಸಾಹಿತ್ಯವಿದೆ. ಹೆರಾತಿನ ಹುಸೇನ್ ವಾಯಿಜ್ ಕಾಶಿಫಿಯು ಹಿಜರಿ ೯೦೮ರಲ್ಲಿ, ಎಂದರೆ ಯೂಸುಫನ ಘೋಷಣೆಯ ಆಸುಪಾಸಿನಲ್ಲಿಯೇ, ‘ರೌಜತುಷ್ಷುಹದಾ’ ಎಂಬ ಕರ್ಬಲಾ ಕಥನವನ್ನು ರಚಿಸಿದನು. ಶೋಕಸಭೆಗಳಲ್ಲಿ ಓದಲ್ಪಟ್ಟು ಅದು ಇರಾನಿನಿಂದ ದಖ್ಖನಿನವರೆಗೆ ಪ್ರಸಿದ್ಧವಾಯಿತು. ಕರ್ಬಲಾದ ರಣಾಂಗಣದಲ್ಲಿ ಹಸನರ ಮಗ ಕಾಸಿಮನಿಗೂ ಹುಸೇನರ ಮಗಳಿಗೂ ನಡೆಯಿತೆನ್ನಲಾದ ಮದುವೆಯ ಪ್ರಸಂಗ ಜನಪ್ರಿಯವಾದುದು ಈ ಕೃತಿಯಿಂದಲೇ. ಅಬೂ ಮಿಖ್ನಫನ ವರದಿಗಳಲ್ಲಿ ಕಾಸಿಮನ ಮರಣವಿದೆ, ಮದುವೆಯಿಲ್ಲ. ೧೯೦೨ರಲ್ಲಿ ನಿಧನರಾದ ಷಿಯಾ ಹದೀಸ್ ವಿದ್ವಾಂಸ ಮಿರ್ಜಾ ಹುಸೇನ್ ನೂರಿಯವರು ಈ ಕಥೆಯನ್ನು ನಿರಾಧಾರವೆಂದು ಕಟುವಾಗಿ ಟೀಕಿಸಿದ್ದಾರೆ. ದಖ್ಖನಿನ ಮೊಹರಮ್ಮಿನಲ್ಲಿ ಮಾತ್ರ ಮದುಮಗನಾದ ಕಾಸಿಮನಿಗೆ ಇಂದಿಗೂ ವಿಶೇಷ ಸ್ಥಾನ.

ಹಾಗಾದರೆ ನಮ್ಮ ಪದಗಳು ಸುಳ್ಳೇ? ಹೀಗೆ ಕೇಳುವುದು ಸರಿಯಲ್ಲ. ಏಳನೆಯ ಶತಮಾನದ ಕರ್ಬಲಾದ ಬಗೆಗೆ ಅವು ಪ್ರಮಾಣವಾಗಲಾರವು. ಆದರೆ ಬಾಸಿಂಗ ಕಟ್ಟಿದ ದಿನವೇ ಮಡಿದ ಮಗನ ಶೋಕವನ್ನು ಕನ್ನಡದ ರೈತನೊಬ್ಬನು ಏಕೆ ತನ್ನದಾಗಿಸಿಕೊಂಡನು, ನೀರಿಲ್ಲದೆ ಸತ್ತವರ ಕಥೆ ಮಳೆ ನಂಬಿ ಬದುಕುವ ಬಯಲುಸೀಮೆಯಲ್ಲಿ ಏಕೆ ಬೇರೂರಿತು ಎಂಬ ಪ್ರಶ್ನೆಗಳಿಗೆ ಅವೇ ಮುಖ್ಯ ಆಧಾರ. ಸಾಕ್ಷಿಯು ಯಾವುದಕ್ಕೆ ಸಾಕ್ಷಿಯೆಂದು ಗೊತ್ತುಮಾಡಿಕೊಳ್ಳಬೇಕು. ಅದಕ್ಕೆ ಹಾಡಿದವನು ಯಾರು, ಯಾವ ಊರಿನವನು, ಯಾರಿಂದ ಕಲಿತನು ಎಂಬುದು ತಿಳಿದಿರಬೇಕು.

೮

ಇಲ್ಲಿ ನನ್ನದೇ ತಪ್ಪೊಂದನ್ನು ಒಪ್ಪಿಕೊಳ್ಳುವುದು ಅಗತ್ಯ. ವಿದ್ಯಾರ್ಥಿಯಾಗಿದ್ದಾಗ ಚಿಕ್ಕಜಾಜೂರಿಗೆ ಸಮೀಪದ ಹಳ್ಳಿಯೊಂದರಲ್ಲಿ ಬಾಬಯ್ಯನ ಹಬ್ಬದ ರಾತ್ರಿ ವೃದ್ಧರೊಬ್ಬರು ಹಾಡಿದ ಪದಗಳನ್ನು ನಾನು ಬರೆದುಕೊಂಡೆನು. ಪದಗಳನ್ನು ಶ್ರದ್ಧೆಯಿಂದ ಬರೆದೆ, ಹಾಡಿದವರ ಹೆಸರನ್ನು ಬರೆಯಲಿಲ್ಲ. ಎದುರಿಗೆ ಕುಳಿತವರ ಹೆಸರು ಮರೆಯುವುದುಂಟೇ ಎಂಬ ಧೈರ್ಯ. ಟಿಪ್ಪಣಿಯ ಮೇಲೆ ‘ಜಾನಪದ’ ಎಂಬ ಒಂದೇ ಮಾತಿದೆ. ಕೆಲವು ವರ್ಷಗಳ ಮೇಲೆ ಮತ್ತೆ ಹೋದಾಗ ಅವರು ತೀರಿಕೊಂಡಿದ್ದರು. ಅವರಿಗೆ ಪದ ಕಲಿಸಿದವರು ಉತ್ತರದ ಕಡೆಯಿಂದ ಬಂದವರೋ, ಇಲ್ಲಿಯವರೇ ಆಗಿದ್ದರೋ ಎಂಬುದನ್ನು ಹೇಳಬಲ್ಲವರು ಊರಿನಲ್ಲಿ ಉಳಿದಿರಲಿಲ್ಲ. ಈ ಪದಗಳು ಬಿಜಾಪುರದ ದಾರಿಯಿಂದ ಬಂದುವೇ ಎಂದು ಮೇಲೆ ಊಹೆಯಾಗಿ ಬರೆದ ಮಾತಿಗೆ ಆ ಒಂದು ಹೆಸರು ಪ್ರಮಾಣವಾಗಬಹುದಿತ್ತು. ಇಬ್ನ್ ಅಬೀ ಉಮೈರನ ಸರಪಳಿ ಕಡಿದುದು ಸೆರೆಮನೆಯಿಂದ. ನನ್ನದು ಕಡಿದುದು ಅಲಕ್ಷ್ಯದಿಂದ.

ಇದು ಒಬ್ಬನ ತಪ್ಪಲ್ಲವೆಂದು ನನ್ನ ನಂಬಿಕೆ. ಸಂಗ್ರಹಗಳಲ್ಲಿ ಹಾಡಿದವರ ಹೆಸರಿಲ್ಲದೆ, ಊರಿನ ಹೆಸರಿಲ್ಲದೆ ಅಚ್ಚಾದ ಪದಗಳು ಎಷ್ಟೋ ಇವೆ. ಜನಪದ ಕೃತಿಗೆ ಕರ್ತೃವಿಲ್ಲವೆಂಬ ಸಿದ್ಧಾಂತವು ನಮ್ಮ ಅಲಕ್ಷ್ಯಕ್ಕೆ ಅನುಕೂಲವಾದ ಮರೆಯಾಗಿದೆ. ಹಾಡುಗಾರರು ಈ ಸಿದ್ಧಾಂತವನ್ನು ಒಪ್ಪಿದಂತೆ ತೋರುವುದಿಲ್ಲ. ರಿವಾಯತ್ ಪದಗಳಲ್ಲಿ ಕೆಲವು ತಮ್ಮ ಕಡೆಯ ನುಡಿಯಲ್ಲಿ ಊರಿನ ಹೆಸರನ್ನೂ ಕಟ್ಟಿದವನ ಇಲ್ಲವೆ ಗುರುವಿನ ಹೆಸರನ್ನೂ ಹೇಳಿಯೇ ಮುಗಿಯುತ್ತವೆ. ಅದು ಅವರ ಇಸ್ನಾದು. ಪುನರುಕ್ತಿಯೆಂದು ಅದನ್ನು ಬಿಟ್ಟು ಅಚ್ಚುಹಾಕಿದರೆ ಮೂಲದಲ್ಲಿದ್ದ ಸಾಕ್ಷ್ಯವನ್ನು ನಾವೇ ಅಳಿಸಿದಂತಾಗುತ್ತದೆ.

ಆದುದರಿಂದ ಕ್ಷೇತ್ರಕಾರ್ಯಕ್ಕೆ ಹೊರಡುವ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಪದವನ್ನು ಬರೆಯುವ ಮೊದಲು, ಅಥವಾ ಧ್ವನಿಮುದ್ರಿಸುವ ಮೊದಲು, ಹಾಡುವವರ ಒಪ್ಪಿಗೆ ಪಡೆದು ಅವರ ಹೆಸರು, ಊರು, ಕಸುಬುಗಳನ್ನು ಗುರುತುಮಾಡಿಕೊಳ್ಳಿ. ಯಾರಿಂದ ಕಲಿತಿರೆಂದು ಕೇಳಿರಿ. ಅವರಿಗೆ ಕಲಿಸಿದವರಾರೆಂದು ಮತ್ತೆ ಕೇಳಿರಿ. ಒಂದೇ ಪದ ಇಬ್ಬರಲ್ಲಿ ಬೇರೆಯಾಗಿದ್ದರೆ ಎರಡನ್ನೂ ಇಡಿರಿ. ಗೊತ್ತಿಲ್ಲದ ಕಡೆ ಸ್ಥಳವನ್ನು ಖಾಲಿ ಬಿಡಿರಿ. ಕೂಫಾದವರು ಹಿಟ್ಟು ಬೀಸುವವನ, ಒಂಟೆಯವನ, ಒಬ್ಬ ದಾಸನ ಹೆಸರನ್ನು ಹನ್ನೆರಡು ಶತಮಾನಗಳಾಚೆಗೆ ಮುಟ್ಟಿಸಿದರು. ನಮ್ಮ ಊರಿನ ರಾವಿಯ ಹೆಸರು ಮುಂದಿನ ತಲೆಮಾರಿಗಾದರೂ ಮುಟ್ಟುವಂತೆ ನೋಡಿಕೊಳ್ಳುವುದು ನಮ್ಮ ಪಾಲಿನ ಕರ್ತವ್ಯ.